ಎರಡೂ ಕಾಲರ್ ರೋಗಿಗಳ ಕಡೆಗೆ

ಮೊದಲು ಕಟ್ಟುತ್ತಾರೆ, ಆಮೇಲೆ ಕೇಳುತ್ತಾರೆ. ಇಷ್ಟು ವರ್ಷದಲ್ಲಿ ಒಬ್ಬನಾದರೂ ಗೋಡೆಗೆ ತೂತು ಕೊರೆಯುವ ಮೊದಲು ನನ್ನ ಮೇಜಿನ ಮುಂದೆ ಬಂದು ಕೂತಿದ್ದಿಲ್ಲ. ಗೋಡೆ ತೂರಿ ಹೋಗುವ ಪೈಪು, ವೈರುಗಳ ಸುತ್ತ ಬೆಂಕಿ ನುಸುಳದಂತೆ ಮುಚ್ಚುವ ಸಾಮಾನು ನಮ್ಮ ಕಂಪನಿಯದು. ಯಾವ ಗೋಡೆಗೆ ಹೇಗೆ ಹಾಕಿದರೆ ಎಷ್ಟು ಹೊತ್ತು ತಡೆಯುತ್ತದೆ ಎಂದು ಕುಲುಮೆಯಲ್ಲಿ ಸುಟ್ಟು ನೋಡಿರುತ್ತಾರೆ. ಯಾರೂ ಸುಟ್ಟು ನೋಡದ ರೀತಿಯಲ್ಲಿ ಯಾರಾದರೂ ಕಟ್ಟಿಬಿಟ್ಟರೆ ಅಮ್ಮಾನಿನ ಈ ಕಚೇರಿಗೆ ಓಡಿ ಬರುತ್ತಾರೆ. ಸುಟ್ಟ ಗೋಡೆಗಳ ವರದಿ ಓದಿ, ಸುಡದ ಗೋಡೆಯ ಬಗ್ಗೆ ಅಭಿಪ್ರಾಯ ಬರೆದು ಸಹಿ ಹಾಕುವವಳು ನಾನು, ಹಿಯಾಮ್. ಸಾಕಾಗಿಹೋಗಿದೆ.

ಆ ಸೋಮವಾರ ಬಂದವನು ನಿದಾಲ್. ನಮ್ಮೂರು ಮಾದಬಾದಲ್ಲೇ ಹೊಸ ಡಯಾಲಿಸಿಸ್ ವಾರ್ಡು ಕಟ್ಟುತ್ತಿದ್ದ ಗುತ್ತಿಗೆದಾರರ ಎಂಜಿನಿಯರ್. ಫೋನಿನಲ್ಲಿ ಫೋಟೋ ತೋರಿಸಿದ. ವಾರ್ಡಿಗೂ ಪಕ್ಕದ ಉಗ್ರಾಣಕ್ಕೂ ನಡುವೆ ಒಳಗೆ ಪೊಳ್ಳಿರುವ ಒಂದು ಜಿಪ್ಸಮ್ ಹಲಗೆಯ ಗೋಡೆ, ಅದನ್ನು ತೂರಿ ಹೋಗಿರುವ ಪ್ಲಾಸ್ಟಿಕ್ ಪೈಪುಗಳು. ಬೆಂಕಿ ಬಿದ್ದರೆ ಪ್ಲಾಸ್ಟಿಕ್ ಕರಗಿ ತೂತು ಬಾಯಿ ಬಿಡುತ್ತದಲ್ಲ, ಅದಕ್ಕೇ ಪೈಪಿಗೆ ಕಾಲರ್ ತೊಡಿಸುವುದು. ಬಿಸಿ ತಾಗಿದರೆ ಕಾಲರ್ ಹುದುಗಿದ ಹಿಟ್ಟಿನ ಹಾಗೆ ಉಬ್ಬಿ, ಪೈಪನ್ನು ಹಿಸುಕಿ ತೂತು ಮುಚ್ಚುತ್ತದೆ. ಗೋಡೆಯ ಆ ಕಡೆ ಒಂದು, ಈ ಕಡೆ ಒಂದು ಹಾಕಬೇಕು.

“ಇದೇನಯ್ಯಾ ಇದು? ಎರಡೂ ಒಂದೇ ಕಡೆ ಹಾಕಿದೀಯಲ್ಲ!”

“ಉಗ್ರಾಣದ ಕಡೆ ಕೈಯೇ ಹೋಗಲ್ಲ ಅಕ್ಕಾ. ಗಾಳಿ ಡಕ್ಟು ಗೋಡೆಗೆ ಒತ್ಕೊಂಡಿದೆ. ಅದಕ್ಕೇ ಎರಡನ್ನೂ ರೋಗಿಗಳ ಕಡೆಗೇ ಹಾಕಿಸ್ದೆ. ಪಾಪ, ಎದ್ದು ಓಡಕ್ಕಾಗದ ಜನ, ಅವರ ಕಡೆ ಡಬ್ಬಲ್ ಇರಲಿ ಅಂತ.”

ಅಯ್ಯೋ ಪುಣ್ಯಾತ್ಮ! ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದ, ಬೈಯಲೂ ಬಾಯಿ ಬರಲಿಲ್ಲ. ರಟ್ಟಿನ ಪೆಟ್ಟಿಗೆ ತುಂಬಿರುವ ಉಗ್ರಾಣಕ್ಕೆ ಬೆಂಕಿ ಬಿದ್ದರೆ ಮೊದಲು ಕರಗುವುದು ಆ ಕಡೆಯ ಪೈಪು. ಅಲ್ಲಿ ಹಿಸುಕಿ ಮುಚ್ಚಲು ಏನೂ ಇಲ್ಲ. ಈ ಕಡೆಯ ಕಾಲರಿಗೆ ಬಿಸಿ ತಾಗುವ ಹೊತ್ತಿಗೆ ಬೆಂಕಿ ಗೋಡೆಯ ಪೊಳ್ಳಿನೊಳಗೆ ಹೊಕ್ಕು, ಹೊಗೆ ವಾರ್ಡಿಗೆ ಬಂದಿರುತ್ತದೆ.

“ಎರಡೂ ಕಡೆ ಒಂದೊಂದು ಅನ್ನೋದೂ, ಒಂದೇ ಕಡೆ ಎರಡು ಅನ್ನೋದೂ ಲೆಕ್ಕಕ್ಕೆ ಒಂದೇ ಅಲ್ವಾ?” ಎಂದ ನಿದಾಲ್. “ಅಷ್ಟು ಬರೆದುಕೊಟ್ಬಿಡಿ. ಗುರುವಾರ ಸಚಿವಾಲಯದ ಸಮಿತಿ ತಪಾಸಣೆಗೆ ಬರ್ತಿದೆ, ಒಪ್ಪಿದ್ರೆ ಅವತ್ತೇ ವಾರ್ಡು ತೆರೀತೀವಿ.”

“ಎರಡು ಚಪ್ಪಲೀನೂ ಒಂದೇ ಕಾಲಿಗೆ ಹಾಕ್ಕೊಂಡು ನಡಿ ನೋಡೋಣ! ಡಕ್ಟು ಬಿಚ್ಚು, ಆ ಕಡೆಗೂ ಕಾಲರ್ ಹಾಕು.”

“ಬಿಚ್ಚಿದ್ರೆ ಒಳಛಾವಣಿನೆಲ್ಲ ಬಿಚ್ಬೇಕು. ಸಮಿತಿ ಆಮೇಲೆ ಬರೋದು ಈದ್ ಕಳೆದ್ಮೇಲೇ. ಉಗ್ರಾಣ ಖಾಲಿ ಇಡ್ತೀವಿ ಅಂತ ಬೇಕಾದ್ರೆ ಮಾತು ಕೊಡ್ತೀನಿ.”

“ಇವತ್ತು ನೀನು ಖಾಲಿ ಇಡ್ತೀಯ. ನಾಳೆ ಬೀಗದಕೈ ಯಾರ ಹತ್ರ ಇರತ್ತೋ!”

ಏಳುವಾಗ ಅವನು ದನಿ ತಗ್ಗಿಸಿದ. “ಜರೀಸ್ ಚಿಕ್ಕಪ್ಪನೂ ಅಲ್ಲಿಗೇ ಬರ್ತಾರಂತಲ್ಲ. ಅವರನ್ನ ನೆನೆಸ್ಕೊಂಡೇ ಡಬ್ಬಲ್ ಹಾಕ್ಸಿದ್ದು ಅಕ್ಕಾ.”

ಜರೀಸ್ ನನ್ನ ಅಪ್ಪ, ಊರಿನ ಹುಡುಗರಿಗೆಲ್ಲ ಚಿಕ್ಕಪ್ಪ. ಎರಡೂ ಮೂತ್ರಪಿಂಡ ಕೈಕೊಟ್ಟ ಮೇಲೆ ವಾರಕ್ಕೆ ಮೂರು ಸಲ ಅವನನ್ನು ಡಯಾಲಿಸಿಸ್‌ಗೆ ಮಾದಬಾದಿಂದ ಅಮ್ಮಾನಿಗೆ ಕರೆತಂದು ವಾಪಸ್ ಕರೆದೊಯ್ಯುತ್ತೇನೆ. ಹೋಗುವಾಗ ಹೇಗೋ ಕೂರುತ್ತಾನೆ, ಬರುವಾಗ ಅರ್ಧ ಜೀವ. ಹೊಸ ವಾರ್ಡು ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಇತ್ತು. ನನಗೆ ಆ ಸಹಿ ಹಾಕಬೇಕು ಅಂತ ಎಷ್ಟು ಆಸೆಯಾಯಿತೆಂದರೆ, ಇಡೀ ದಿನ ಊಟ ಬಿಟ್ಟು ಹಳೆಯ ಪರೀಕ್ಷೆಗಳನ್ನು ಜಾಲಾಡಿದೆ. ಕಾಂಕ್ರೀಟ್ ಗೋಡೆಯದು ಸಿಕ್ಕಿತು, ಕಬ್ಬಿಣದ ಪೈಪಿನದು ಸಿಕ್ಕಿತು. ಪ್ಲಾಸ್ಟಿಕ್ ಪೈಪಿಗೆ ಬೆಂಕಿ ಇಲ್ಲದ ಕಡೆಯಷ್ಟೇ ಕಾಲರ್ ಹಾಕಿ ಸುಟ್ಟಿದ್ದು ಒಂದೇ ಒಂದು ಇತ್ತು, ಅದೂ ಬೇಗನೇ ತೂತು ಬಿದ್ದು ಸೋತಿತ್ತು.

ಮರುದಿನ ಮಧ್ಯಾಹ್ನ ಡಯಾಲಿಸಿಸ್ ಮುಗಿದ ಮೇಲೆ ಅಪ್ಪನನ್ನು ಕರೆದುಕೊಂಡು ಮನೆಗೆ ಹೊರಟೆ. ಒಂದು ಕಾಲದಲ್ಲಿ ಇದೇ ದಾರಿಯಲ್ಲಿ ಬಸ್ಸು ಓಡಿಸಿದವನು. ನನ್ನ ಗೇರು, ನನ್ನ ಬ್ರೇಕು, ಯಾವುದೂ ಅವನಿಗೆ ಸರಿಬಾರದು. ಅವತ್ತು ಗೇರಿನ ಕಡೆ ಕಣ್ಣೂ ಹಾಯಿಸಲಿಲ್ಲ. ಪ್ಲಾಸ್ಟಿಕ್ ಚೀಲಕ್ಕೆ ವಾಂತಿ ಮಾಡಿಕೊಂಡು ಕಿಟಕಿಗೆ ತಲೆ ಒರಗಿಸಿದ.

“ಗುರುವಾರ ತೆರೀತಾರಂತಲ್ಲ, ಯಾಬಾ?” ಎಂದ. ಯಾಬಾ ಅಂದರೆ ಅಪ್ಪಾ, ನಮ್ಮಲ್ಲಿ ಅಪ್ಪನೂ ಮಗಳನ್ನು ಹಾಗೇ ಕರೆಯುವುದು.

ಮುಚ್ಚಿಡುವ ಶಕ್ತಿ ನನಗೂ ಇರಲಿಲ್ಲ. ಪೈಪು, ಕಾಲರ್, ಡಕ್ಟು ಎಲ್ಲ ಹೇಳಿದೆ.

“ಸಹಿ ಹಾಕ್ಬಿಡು,” ಎಂದ.

“ಯಾಬಾ...”

“ಹಾಕೇ! ಉಗ್ರಾಣಕ್ಕೇನು ದಿನಾ ಬೆಂಕಿ ಬೀಳತ್ತಾ? ಈ ರಸ್ತೇಲಿ ನಾನು ದಿನಾ ಸಾಯ್ತಿದೀನಿ, ಅದು ಕಾಣ್ಸಲ್ವಾ ನಿಂಗೆ?”

ನನಗೂ ರೇಗಿತು. “ಬಿದ್ರೆ? ಸೂಜಿ ಕಿತ್ಕೊಂಡು ಓಡ್ತೀಯಾ?”

“ಕಾರಿನ ತನಕ ನಡಿಯಕ್ಕೇ ಆಗಲ್ಲ, ಇನ್ನು ಓಡೋದೆಲ್ಲಿ ಬಂತು,” ಎಂದು ಗೊಣಗಿ ಮುಖ ತಿರುಗಿಸಿದ. ರಾತ್ರಿ ಮನೆಯಲ್ಲಿ ನನ್ನ ಅಕ್ಕನ ಕೈಯಲ್ಲಿ ಸೂಪು ಕುಡಿದ, ನಾನು ಕೊಟ್ಟಾಗ ಬೇಡ ಎಂದಿದ್ದ.

ಬುಧವಾರ ಬರೆದೆ. ಈ ಜೋಡಣೆಗೆ ಅಭಿಪ್ರಾಯ ಕೊಡಲಾಗದು, ಡಕ್ಟು ಬಿಚ್ಚಿ ಉಗ್ರಾಣದ ಕಡೆಗೂ ಕಾಲರ್ ಹಾಕತಕ್ಕದ್ದು. ಕಳಿಸಿದ ಮೇಲೆ ಬಚ್ಚಲಿಗೆ ಹೋಗಿ ಅತ್ತೆ. ಮಾಡಿದ್ದು ಸರಿ ಎಂಬ ಸಮಾಧಾನ ಒಂದು ಚೂರೂ ಆಗಲಿಲ್ಲ.

ಶನಿವಾರ ಮತ್ತೆ ಅಮ್ಮಾನ್ ಆಸ್ಪತ್ರೆ. ಅಪ್ಪನ ತೋಳಿಗೆ ಸೂಜಿ ಚುಚ್ಚಿ ಯಂತ್ರ ಶುರು ಮಾಡಿದ್ದರು. ಪಕ್ಕದ ಮಂಚದಲ್ಲಿ ಉಮ್ ಅತಲ್ಲಾ, ನಮ್ಮೂರವಳೇ, ಎರಡು ಬಸ್ಸು ಬದಲಿಸಿ ಒಬ್ಬಳೇ ಬರುವ ಮುದುಕಿ. ಅವಳ ಬಾಯಿಗೆ ಬ್ರೇಕು ಇರಲಿಲ್ಲ.

“ಯಾವಳೋ ಎಂಜಿನಿಯರಂತೆ, ಅಮ್ಮಾನಲ್ಲಿ ಎ.ಸಿ. ಕೆಳಗೆ ಕೂತ್ಕೊಂಡು ಆಗಲ್ಲ ಅಂದಳಂತೆ. ನಮ್ಮ ವಾರ್ಡು ನಿಂತೋಯ್ತು. ಅವಳ ಕೈಗೆ ಲಕ್ವ ಹೊಡೀಲಿ! ಅವಳಪ್ಪನ್ನ ಹೀಗೆ ಬಸ್ಸಲ್ಲಿ ಕೂರಿಸ್ಬೇಕು, ಆಗ ಗೊತ್ತಾಗತ್ತೆ.”

ನಾನು ಅಪ್ಪನ ಕಾಲಿನ ಹತ್ತಿರ ನಿಂತಿದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಪ್ಪ ಕಣ್ಣು ಮುಚ್ಚಿಕೊಂಡೇ ಇದ್ದ. ನಾಲ್ಕು ದಿನದಿಂದ ನನ್ನ ಜೊತೆ ನೆಟ್ಟಗೆ ಮಾತಾಡದವನು.

“ಆ ಅಪ್ಪ ನಾನೇ ಕಣಮ್ಮಾ,” ಎಂದ. “ಇಕೋ, ಇಲ್ಲಿ ನಿಂತಿದಾಳಲ್ಲ, ಇವಳೇ ಅವಳು.”

ಉಮ್ ಅತಲ್ಲಾ ತಲೆವಸ್ತ್ರದ ಅಂಚನ್ನು ಬಾಯಿಗೆ ಎಳೆದುಕೊಂಡಳು.

“ನಾನೂ ಬೈದಿದೀನಿ, ನೀನೂ ಬೈಕೋ,” ಎಂದ ಅಪ್ಪ. “ನಾನು ನನ್ನೊಬ್ಬನ ಲೆಕ್ಕ ಹಾಕ್ತಿದ್ದೆ. ಇವಳು ನಿನ್ನ ಲೆಕ್ಕಾನೂ ಹಾಕಿದಾಳೆ. ಬೈದು ಮುಗಿಸಿ ನಮ್ಮ ಕಾರಲ್ಲೇ ಬಾ, ಹಿಂದಿನ ಸೀಟು ಖಾಲಿ ಇದೆ. ಓಡಿಸೋದು ಮಾತ್ರ ಕೆಟ್ಟದಾಗಿ ಓಡಿಸ್ತಾಳೆ.”

ಆ ಮಧ್ಯಾಹ್ನ ಮೂವರೂ ಒಟ್ಟಿಗೆ ಹೊರಟೆವು. ಉಮ್ ಅತಲ್ಲಾ ಹಿಂದಿನ ಸೀಟಿನಲ್ಲಿ ಕೂತು, ನನ್ನ ಕಡೆ ನೋಡದೆ ಕಿಟಕಿಗೆ ಮುಖ ಮಾಡಿಕೊಂಡಳು. ದಾರಿಯ ಮಧ್ಯೆ ಅವಳಿಗೂ ವಾಂತಿ ಬಂತು. ಕಾರು ಬದಿಗೆ ನಿಲ್ಲಿಸಿ, ಚೀಲ ಕೊಟ್ಟು, ಅವಳ ಹಣೆ ಹಿಡಿದುಕೊಂಡೆ.