ಎರಡು ಪಾಳಿಯ ಹಾಸಿಗೆ

ಮದುವೆಯಾಗಿ ವಾರ ಕಳೆಯುವಷ್ಟರಲ್ಲಿ ಅವಳನ್ನು ಹಗಲು ಪಾಳಿಗೂ ಅವಳ ಗಂಡನನ್ನು ರಾತ್ರಿ ಪಾಳಿಗೂ ಹಾಕಲಾಯಿತು. ಇಬ್ಬರೂ ನಿವೃತ್ತರಾಗುವವರೆಗೆ ಅದು ಹಾಗೆಯೇ ಇತ್ತು.

ಗಂಡ ಹೆಂಡತಿ ಒಂದೇ ಪಾಳಿಯಲ್ಲಿದ್ದರೆ ಮಾತಾಡುತ್ತಾರೆ, ಮಾತಾಡಿದರೆ ನಗುತ್ತಾರೆ, ನಕ್ಕರೆ ಮಗ್ಗದ ಮೇಲೆ ಎಳೆ ತುಂಡಾಗುತ್ತದೆ ಎಂಬುದು ಮಿಲ್ಲಿನ ಸಿದ್ಧಾಂತ. ಒಬ್ಬರಿಗೆ ಜ್ವರ ಬಂದರೆ ಇಬ್ಬರೂ ರಜೆ ಹಾಕುತ್ತಾರೆ ಎಂಬ ದೂರಾಲೋಚನೆಯೂ ಅದರಲ್ಲಿತ್ತು. ಅಂದಹಾಗೆ, ಆ ಮಿಲ್ಲಿನಲ್ಲಿ ನೇಯುತ್ತಿದ್ದದ್ದು ಡಬಲ್ ಬೆಡ್‌ಶೀಟು. ಜಗತ್ತಿನ ಯಾವ ಯಾವುದೋ ಮೂಲೆಯ ದಂಪತಿಗಳು ಅಕ್ಕಪಕ್ಕ ಮಲಗಲಿ ಎಂದು ಇವರಿಬ್ಬರೂ ಸರದಿಯ ಮೇಲೆ ನಿಂತು ನೇಯ್ದರು. ಮನೆಯ ಮಂಚದ ಮೇಲೆ ಹಗಲು ಅವನು, ರಾತ್ರಿ ಅವಳು. ಹಾಸಿಗೆಯೂ ಎರಡು ಪಾಳಿ ದುಡಿಯಿತು. ಅದಕ್ಕೆ ಯಾರೂ ಸಂಬಳ ಕೊಡಲಿಲ್ಲ.

ಸಂಸಾರ ನಡೆದದ್ದು ಗೇಟಿನಲ್ಲಿ. ಸೈರನ್ ಕೂಗಿದಾಗ ಹೊರಗೆ ಬರುವ ಸಾಲೂ ಒಳಗೆ ಹೋಗುವ ಸಾಲೂ ಪಕ್ಕಪಕ್ಕದಲ್ಲೇ ಸರಿಯುತ್ತವೆ. ನಡುವೆ ಸೊಂಟದೆತ್ತರಕ್ಕೆ ಒಂದು ಕಬ್ಬಿಣದ ಕಂಬಿ. ಅದರ ಮೇಲೆ ಮನೆಯ ಬೀಗದ ಕೈ ಒಬ್ಬರಿಂದ ಒಬ್ಬರಿಗೆ ದಾಟುತ್ತಿತ್ತು. ಅಡುಗೆ ಮುಚ್ಚಿಟ್ಟಿದೆ, ಮಗು ಪಕ್ಕದ ಮನೆಯಲ್ಲಿದೆ, ಹಲ್ಲು ಬಂತು, ಶಾಲೆಗೆ ಸೇರಿಸಿದೆ, ನಿಮ್ಮಮ್ಮ ತೀರಿಕೊಂಡರಂತೆ. ಏನಿದ್ದರೂ ನಡೆಯುತ್ತಲೇ ಹೇಳಿ ಮುಗಿಸಬೇಕು. ನಿಂತರೆ ಹಿಂದಿನವರು ತಳ್ಳುತ್ತಾರೆ. ಇಷ್ಟರಲ್ಲಿ ಒಬ್ಬ ಮಗಳನ್ನು ಹೇಗೆ ಹೆತ್ತರೆಂದು ಮಿಲ್ಲು ವಿಚಾರಣೆ ನಡೆಸಲಿಲ್ಲ. ವಾರದ ರಜೆಯನ್ನೂ ಕಿತ್ತುಕೊಂಡಾರೆಂದು ಇವರೂ ಬಾಯಿ ಬಿಡಲಿಲ್ಲ.

ಈಗ ಅವರು ಅಜ್ಜ, ಅಜ್ಜಿ. ಮೊಮ್ಮಗಳು ಅದೇ ಮಿಲ್ಲಿನಲ್ಲಿ ಬೆಡ್‌ಶೀಟಿನ ಅಂಚು ಹೊಲಿಯುತ್ತಾಳೆ. ಅಲ್ಲಿಯ ಹೊಲಿಗೆ ಮಿಷನ್ನುಗಳನ್ನು ನೋಡಿಕೊಳ್ಳುವ ಫಿಟ್ಟರ್ ಹುಡುಗನಿಗೂ ಅವಳಿಗೂ ಹಾವು ಮುಂಗುಸಿ ಎಂಬುದು ಇಡೀ ವಿಭಾಗಕ್ಕೆ ಗೊತ್ತಿತ್ತು. ನಿನಗೆ ಸ್ಪ್ಯಾನರ್ ಕೊಟ್ಟವನಿಗೆ ಬುದ್ಧಿಯಿಲ್ಲ ಎಂದು ಅವಳು, ನಿನಗೆ ಸೂಜಿ ಕೊಟ್ಟವನಿಗೆ ಜೀವದ ಮೇಲೆ ಆಸೆಯಿಲ್ಲ ಎಂದು ಅವನು. ಜಗಳ ಎಷ್ಟು ಸೊಗಸಾಗಿರುತ್ತಿತ್ತೆಂದರೆ ಅಕ್ಕಪಕ್ಕದವರು ಮಿಷನ್ ನಿಲ್ಲಿಸಿ ಕೇಳುತ್ತಿದ್ದರು.

ಆ ಬೈಗುಳಗಳೆಲ್ಲ ತಯಾರಾಗುತ್ತಿದ್ದದ್ದು ರಜೆಯ ದಿನ, ಅಜ್ಜಿಯ ಅಡುಗೆಮನೆಯಲ್ಲಿ. ಹುಡುಗ ಈರುಳ್ಳಿ ಹೆಚ್ಚುತ್ತ ಒಂದು ಬೈಗುಳ ಹೇಳುವನು, ಹುಡುಗಿ ಪಾತ್ರೆ ಒರೆಸುತ್ತ ಅದಕ್ಕೆ ಎದುರುತ್ತರ ಕೊಡುವಳು, ಅಜ್ಜಿ ತೀರ್ಪು ಹೇಳುವಳು. ಇದು ನಡೆಯಲ್ಲ, ಇದರಲ್ಲಿ ಪ್ರೀತಿ ಕಾಣ್ತಿದೆ, ಇನ್ನೊಂದು ಹೇಳು. ಪ್ರೀತಿಸುವವರೆಂದು ಗೊತ್ತಾದರೆ ಬೇರೆ ಬೇರೆ ಪಾಳಿ ಖಂಡಿತ. ಕಚ್ಚಾಡುವವರಿಗೆ ಆ ತೊಂದರೆಯಿಲ್ಲ. ದ್ವೇಷಕ್ಕೆ ಮಿಲ್ಲು ಎಂದೂ ಅಡ್ಡಬಂದದ್ದಿಲ್ಲ.

ಆದರೆ ಮುಂದಿನ ತಿಂಗಳಿಗೆ ಮದುವೆ ನಿಶ್ಚಯವಾಗಿತ್ತು. ಗಂಡ ಹೆಂಡತಿಯಾದ ಮೇಲೆ ಎಷ್ಟು ಬೈದುಕೊಂಡರೂ ಪ್ರಯೋಜನವಿಲ್ಲ. ಹುಡುಗಿಗೆ ಉಳಿದ ಭಯ ಅದೊಂದೇ. ಅಜ್ಜಿಯ ಹಾಗೆ ಕಂಬಿಯ ಆಚೆ ಈಚೆ ಬಾಳಲಾರೆ ಎಂದು ಅವಳು ಒಂದು ದಿನ ಒಲೆಯ ಮುಂದೆ ಕೂತು ಅತ್ತಳು. ಅಜ್ಜಿ ಸಮಾಧಾನ ಮಾಡಲಿಲ್ಲ. ಏನಾದರೂ ಮಾಡಬೇಕು ಎಂದಷ್ಟೇ ಅಂದುಕೊಂಡಳು.

ಅಷ್ಟರಲ್ಲಿ ಮಿಲ್ಲಿಗೆ ಐವತ್ತು ತುಂಬಿತು. ಮನುಷ್ಯರಿಗೆ ಐವತ್ತು ತುಂಬಿದರೆ ಕೆಲಸ ಬಿಡಿಸುವ ಮಿಲ್ಲು ತನಗೆ ತುಂಬಿದಾಗ ಹೊಸ ಜಾಹೀರಾತು ಮಾಡಿಸಲು ಹೊರಟಿತು. ‘ತಲೆಮಾರು ಎರಡು, ಒಲವು ಒಂದು’ ಎಂಬುದು ಅದರ ಘೋಷಣೆ. ಬೆಡ್‌ಶೀಟಿನ ಒಂದು ತುದಿಯಲ್ಲಿ ಮಾಗಿದ ಪ್ರೀತಿ, ಇನ್ನೊಂದು ತುದಿಯಲ್ಲಿ ಚಿಗುರು ಪ್ರೀತಿ, ನಡುವೆ ಮಿಲ್ಲಿನ ಮುದ್ರೆ.

ಮಾಗಿದ ಪ್ರೀತಿಯನ್ನು ಹುಡುಕಿಕೊಂಡು ಮ್ಯಾನೇಜರ್ ತಾನೇ ಮನೆಗೆ ಬಂದ. ಕಾರ್ಮಿಕರು ಅವನಿಗೆ ಸುತ್ತೋಲೆ ಎಂದು ಹೆಸರಿಟ್ಟಿದ್ದರು. ಆಡಿದ ಮಾತನ್ನು ಹಾಗೆಯೇ ಗೋಡೆಗೆ ಅಂಟಿಸಬಹುದು, ಹಾಗೆ ಮಾತಾಡುತ್ತಿದ್ದ. ಒಂದು ಚೀಲ ಹಣ್ಣು ತಂದಿದ್ದ. ಹಣ್ಣು ಕಂಡೊಡನೆಯೇ ಏನೋ ಕೇಳಲು ಬಂದಿದ್ದಾನೆಂದು ಅಜ್ಜಿಗೆ ತಿಳಿಯಿತು. ಸಂಸ್ಥೆಯು ನಿಮ್ಮಂಥವರ ಆದರ್ಶ ದಾಂಪತ್ಯಕ್ಕೆ ಹೆಮ್ಮೆಪಡುತ್ತದೆ ಎಂದು ಅವನು ಶುರುಮಾಡಿದ. ಕ್ಯಾಮರಾದ ಮುಂದೆ ಒಂದು ಮಾತು ಹೇಳಿದರೆ ಸಾಕು: ಬೇರೆ ಬೇರೆ ಪಾಳಿಯೇ ನಮ್ಮ ಪ್ರೀತಿಯನ್ನು ಗಟ್ಟಿ ಮಾಡಿತು. ಈಗಿನ ಹುಡುಗ ಹುಡುಗಿಯರು ಪಾಳಿಯ ವಿಷಯಕ್ಕೆ ಗೊಣಗುತ್ತಿದ್ದಾರೆ, ಹಿರಿಯರ ಬಾಯಿಂದ ಬಂದರೆ ಒಪ್ಪುತ್ತಾರೆ ಎಂದ.

ಅಜ್ಜ ಯಾರು ಏನು ಕೇಳಿದರೂ ಆಗಲಿ ಎನ್ನುವ ಮನುಷ್ಯ. ಆಗಲಿ ಎಂದ. ಅಜ್ಜಿ ಮಾತ್ರ ತನಗೂ ಒಂದು ಕೋರಿಕೆಯಿದೆ ಎಂದಳು.

“ನಮ್ಮ ಮೊಮ್ಮಗಳು, ಆ ಫಿಟ್ಟರ್ ಹುಡುಗ, ಇಬ್ಬರನ್ನೂ ಒಂದೇ ಪಾಳಿಲಿ ಇಡಿ. ನೀವು ಹೇಳು ಅಂದಿದ್ದನ್ನ ಹೇಳ್ತೀನಿ.”

“ಅವರಿಬ್ಬರಾ? ಅವರು ಒಬ್ಬರನ್ನೊಬ್ಬರು ಕಂಡರೆ ಆಗಲ್ಲ ಅಂತಾರಲ್ಲಮ್ಮ.”

“ಮುಂದಿನ ತಿಂಗಳು ಮದುವೆ ಸಾರ್.”

ಹೇಳಿದ ಮೇಲೆ ಅಜ್ಜಿ ನಾಲಿಗೆ ಕಚ್ಚಿಕೊಂಡಳು. ಮ್ಯಾನೇಜರ್ ಮಾತ್ರ ಮುಖವೆಲ್ಲ ಹಲ್ಲಾದ. ಚಿಗುರು ಪ್ರೀತಿಗೆ ಹೊರಗಿನಿಂದ ದುಡ್ಡು ಕೊಟ್ಟು ಜನ ಕರೆಸಬೇಕಾಗಿತ್ತು. ಅದು ಮಿಲ್ಲಿನೊಳಗೇ ಪುಕ್ಕಟೆ ಬೆಳೆದು ನಿಂತಿತ್ತು. ಇಬ್ಬರನ್ನೂ ಹಗಲು ಪಾಳಿಯಲ್ಲೇ ಉಳಿಸುವುದಾಗಿ ಅಜ್ಜಿಗೆ ಮಾತು ಕೊಟ್ಟು, ಒಂದು ಹಣ್ಣನ್ನು ತಾನೇ ಸುಲಿದು ತಿಂದು ಹೋದ.

ಸುದ್ದಿ ಕೇಳಿ ಮೊಮ್ಮಗಳು ಊಟ ಬಿಟ್ಟಳು. “ಎಷ್ಟು ಕಷ್ಟಪಟ್ಟು ಬೈದುಕೊಂಡಿದ್ವಿ ಅಜ್ಜಿ, ಒಂದೇ ಮಾತಲ್ಲಿ ಎಲ್ಲ ಹಾಳು ಮಾಡ್ದೆ” ಎಂದಳು. ಮಾತು ಕೊಟ್ಟಿದಾನಲ್ಲ ಎಂದು ಅಜ್ಜಿ ಹೇಳಿದ್ದು ಅಜ್ಜಿಗೇ ಅಷ್ಟೊಂದು ಗಟ್ಟಿಯಾಗಿ ಕೇಳಿಸಲಿಲ್ಲ.

ಚಿತ್ರೀಕರಣ ಮಿಲ್ಲಿನ ಗೋದಾಮಿನಲ್ಲಿ, ಮಧ್ಯಾಹ್ನ ಊಟದ ಹೊತ್ತು ಮುಗಿದ ಮೇಲೆ. ಮೂಟೆಗಳನ್ನು ಗೋಡೆಗೆ ಸರಿಸಿ ನಡುವೆ ಒಂದು ದೊಡ್ಡ ಮಂಚ ಹಾಕಿದ್ದರು. ಅದರ ಮೇಲೆ ಗಂಜಿಯ ವಾಸನೆ ಇನ್ನೂ ಆರದ ಹೊಸ ಬೆಡ್‌ಶೀಟು. ಕ್ಯಾಮರಾದವನು ನಾಲ್ವರನ್ನೂ ಹತ್ತಿಸಿ ಕೂರಿಸಿದ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ ನಗಬೇಕು. ಇಷ್ಟು ದಿನ ನಕ್ಕರೆ ಸಂಬಳ ಕತ್ತರಿಸುತ್ತಿದ್ದ ಮಿಲ್ಲು ಈಗ ಸಂಬಳ ಕೊಟ್ಟು ನಗಿಸುತ್ತಿತ್ತು. ಅಭ್ಯಾಸಬಲದಿಂದ ಹುಡುಗಿಯ ಬಾಯಿಂದ ಬೈಗುಳವೇ ಬಂತು. ಹುಡುಗ ನಕ್ಕೇಬಿಟ್ಟ. ಕ್ಯಾಮರಾದವನು ಸರಿಯಾಗಿದೆ, ಹಾಗೇ ಇರಿ ಎಂದ.

ಅಜ್ಜ ಅಜ್ಜಿಗೆ ಕೂತು ಒಬ್ಬರನ್ನೊಬ್ಬರು ನೋಡುವುದೇ ಗೊತ್ತಿರಲಿಲ್ಲ. ನಡೆಯುತ್ತ ನೋಡಿ ಅಭ್ಯಾಸ. ಅಜ್ಜನಿಗೆ ಹೆಂಡತಿಯ ಕಿವಿಯಲ್ಲಿ ಏನಾದರೂ ಪ್ರೀತಿಯ ಮಾತು ಹೇಳಲು ಅಪ್ಪಣೆಯಾಯಿತು. ಅಜ್ಜ ಬೆಡ್‌ಶೀಟನ್ನು ಎರಡು ಬೆರಳ ನಡುವೆ ಹೊಸಕಿ ನೋಡಿ, ಬಾಗಿ, “ಇವರು ನೂಲು ಕದ್ದಿದಾರೆ ಕಣೆ, ನೇಯ್ಗೆ ತೆಳು” ಎಂದ. ಅಜ್ಜಿ ತಡೆಯಲಾರದೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಮಾಗಿದ ಪ್ರೀತಿಯ ಆ ನಗುವನ್ನು ಕಂಡು ಮ್ಯಾನೇಜರ್ ಕಣ್ಣೊರೆಸಿಕೊಂಡ.

ಬಾಕಿ ಉಳಿದದ್ದು ಆ ಒಂದು ಮಾತು. ದೀಪ ಸರಿಮಾಡಿಕೊಳ್ಳಲು ಕ್ಯಾಮರಾದವನು ಹೊತ್ತು ಕೇಳಿದ. ನೀರು ಕುಡಿಯಲು ಹೊರಗೆ ಹೋದ ಮೊಮ್ಮಗಳು ಬಾಗಿಲಲ್ಲೇ ನಿಂತಳು. ಬಾಗಿಲ ಪಕ್ಕದ ಬೋರ್ಡಿನ ಮೇಲೆ ಮುಂದಿನ ವಾರದ ಪಾಳಿಯನ್ನು ಸೀಮೆಸುಣ್ಣದಲ್ಲಿ ಬರೆದಿದ್ದರು. ಫಿಟ್ಟರ್ ಹುಡುಗ ರಾತ್ರಿ ಪಾಳಿ. ಅವಳು ಕೂಗಾಡಲಿಲ್ಲ. ಒಳಗೆ ಬಂದು ಅಜ್ಜಿಯ ಕೈ ಹಿಡಿದು ಕರೆದೊಯ್ದು ತೋರಿಸಿದಳು. ನೋಡಿ ಇಬ್ಬರೂ ಹಿಂದಕ್ಕೆ ಬಂದರು.

ಮಂಚದ ಅಂಚಿಗೆ ಕೂತು ಅಜ್ಜಿ, ಇದೇನು ಸಾರ್ ಎಂದು ಕೇಳಿದಳು. ಮ್ಯಾನೇಜರ್‌ಗೆ ಮುಜುಗರವೇನೂ ಆಗಲಿಲ್ಲ. ಮಾತು ಕೊಟ್ಟಾಗ ಅವರ ಮದುವೆ ಬರೀ ಮಾತಾಗಿತ್ತು. ಈಗ ಜಾಹೀರಾತಿನಲ್ಲಿ ಜೋಡಿಯೆಂದು ಸಂಸ್ಥೆಯೇ ತೋರಿಸುತ್ತಿದೆ. ಗೊತ್ತಿದ್ದೂ ಒಂದೇ ಪಾಳಿಯಲ್ಲಿಟ್ಟರೆ ನಿಯಮಕ್ಕೆ ಏನು ಬೆಲೆ ಎಂದ. “ನಿಮ್ಮನ್ನೇ ನೋಡಿಕೊಳ್ಳಿ ಅಮ್ಮ, ದೂರ ಇದ್ದಿದ್ದಕ್ಕೇ ಇಷ್ಟು ಚೆನ್ನಾಗಿದೀರಿ. ಇವಳೂ ಇಲ್ಲೇ ಕೆಲಸ ಮಾಡಬೇಕಲ್ವಾ? ಆ ಒಂದು ಮಾತು ಹೇಳಿಬಿಡಿ. ಮೊದಲು ಯಜಮಾನರನ್ನ ಎಬ್ಬಿಸಿ.”

ಆಗ ಎಲ್ಲರೂ ತಿರುಗಿ ನೋಡಿದರು. ಅಜ್ಜ ಬೆಡ್‌ಶೀಟಿನ ಮೇಲೆ ಒಂದು ಮಗ್ಗುಲಾಗಿ, ಕೈಯನ್ನು ಕೆನ್ನೆಯ ಕೆಳಗಿಟ್ಟುಕೊಂಡು ಗಾಢವಾಗಿ ನಿದ್ದೆಹೋಗಿದ್ದ. ಮಿಲ್ಲು ಅವನನ್ನು ಬಿಟ್ಟಿತ್ತು, ಅವನ ನಿದ್ದೆಯನ್ನು ಬಿಟ್ಟಿರಲಿಲ್ಲ. ಇಂದಿಗೂ ರಾತ್ರಿಯೆಲ್ಲ ಜಗಲಿಯಲ್ಲಿ ಕೂತು ಬೀದಿ ಕಾಯುತ್ತಾನೆ, ಬೆಳಕು ಹರಿದ ಮೇಲೆ ಕುರ್ಚಿಯಲ್ಲೇ ತೂಕಡಿಸುತ್ತಾನೆ. ಅಜ್ಜಿಗೆ ಹಗಲು ಮಲಗಿದರೆ ಮೈ ಕಚ್ಚುತ್ತದೆ. ಒಂದೇ ಮಂಚದ ಮೇಲೆ ಇಬ್ಬರಿಗೂ ಒಟ್ಟಿಗೆ ನಿದ್ದೆ ಬಂದದ್ದೇ ಇಲ್ಲ.

“ಇವರಿಗೆ ಇದು ರಾತ್ರಿ ಸಾರ್” ಎಂದಳು ಅಜ್ಜಿ. “ನೀವೇ ಮಾಡಿಕೊಟ್ಟಿದ್ದು. ಎಬ್ಬಿಸಲ್ಲ.”

ಮ್ಯಾನೇಜರ್ ಫಿಟ್ಟರ್ ಹುಡುಗನ ಕಡೆ ಕೈಮಾಡಿ, ಹೋಗಿ ಎಬ್ಬಿಸು ಎಂದ. ಹುಡುಗ ಹುಡುಗಿಯನ್ನು ನೋಡಿದ. ಹುಡುಗಿ ಮಂಚದ ಆ ಬದಿಗೆ ಹೋಗಿ ಅಜ್ಜನ ತಲೆಯ ಹತ್ತಿರ ಅಡ್ಡ ಕೂತಳು. ಹುಡುಗನೂ ಹೋಗಿ ಅವಳ ಪಕ್ಕದಲ್ಲಿ ಕೂತ. ಕ್ಯಾಮರಾದವನು ದೀಪದ ತಂತಿ ಹಿಡಿದುಕೊಂಡು ಯಾರ ಮುಖ ನೋಡಬೇಕೆಂದು ತಿಳಿಯದೆ ನಿಂತ. ಇವತ್ತೇ ಕಳಿಸಬೇಕು, ಕೊಳ್ಳುವವರು ಕಾಯುತ್ತಿದ್ದಾರೆ ಎಂದು ಮ್ಯಾನೇಜರ್ ದನಿ ಏರಿಸಿದ. ಏರಿಸಿದ್ದಕ್ಕೆ ಅಜ್ಜ ಅತ್ತ ತಿರುಗಿ ಮಲಗಿದ.

ಅಜ್ಜಿ ಚಪ್ಪಲಿ ಬಿಟ್ಟು, ಕಾಲು ಮೇಲೆ ತೆಗೆದುಕೊಂಡು, ಗಂಡನ ಪಕ್ಕದಲ್ಲಿ ಮೈ ಚಾಚಿದಳು. ನಿದ್ದೆ ಬರುವ ಹೊತ್ತಲ್ಲ ಎಂದು ಅವಳಿಗೂ ಗೊತ್ತಿತ್ತು. ಸುಮ್ಮನೆ ಕಣ್ಣು ಬಿಟ್ಟುಕೊಂಡು ಗೋದಾಮಿನ ತಗಡಿನ ಛಾವಣಿ ನೋಡಿದಳು.

“ಇದೇನಮ್ಮ ಇದು, ಏಳಿ” ಎಂದ ಮ್ಯಾನೇಜರ್.

“ಮೊದಲು ಆ ಬೋರ್ಡು ಅಳಿಸಿ ಬನ್ನಿ.”

“ಮೊದಲು ಏಳಿ.”

“ಏಳಲ್ಲ” ಎಂದಳು ಅಜ್ಜಿ.