ಮೇಲಕ್ಕೆ ನಿಂತ ಜಡೆ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಭಾಲಚಂದ್ರನ ಹುಟ್ಟುಗುಣ. ಮಗಳು ಸಾನಿಕಾಳನ್ನು ಬೀದರಿನ ಮೈಲೂರಿನ ಜಿಮ್ನಾಸ್ಟಿಕ್ಸ್ ಕ್ಲಾಸಿಗೆ ಸೇರಿಸಿದ ದಿನವೇ, "ನಮ್ಮ ಹುಡುಗಿ ಕೈಮ್ಯಾಲ ನಿಂದರ್ತಾಳ" ಎಂದು ಮನೆತನದ ವಾಟ್ಸಾಪ್ ಗುಂಪಿನಲ್ಲಿ ಡಂಗುರ ಹೊಡೆದ. ಭಾಲ್ಕಿಯ ಅಕ್ಕ ಕಾವೇರಿಬಾಯಿಯ ಮಗನಿಗೆ ಸ್ಕೇಟಿಂಗಿನಲ್ಲಿ ಪದಕ ಬಂದಿತ್ತಲ್ಲ, ಆ ಹೊಟ್ಟೆಯುರಿ ಬೇರೆ.

ಆದರೆ ಕೋಚ್ ಮಾಯಾ ಕಲಿಸಿದ್ದೇನು? ಅಂಗೈ ನೆಲಕ್ಕೂರಿ, ಕಾಲು ಗೋಡೆಗೆ ಹತ್ತಿಸಿ, ಪಕ್ಕಕ್ಕೆ ಹೊರಳಿ ಬೀಳುವುದು. ದಿನಾ ಅದೇ.

"ಬೀಳೋದು ಕಲಿಸಲಿಕ್ಕ ಟೀಚರ್ ಯಾಕ ಬೇಕ್ರಿ? ಮನ್ಯಾಗ ತಾನ ಬೀಳ್ತಾಳ," ಎಂದ ಭಾಲಚಂದ್ರ.

"ಬೀಳೋ ಅಂಜಿಕಿ ಹೋಗಲಿ, ತಡೀರಿ ಸರ. ಆಮ್ಯಾಲ ತಾನ ನಿಂದರ್ತಾಳ," ಎಂದಳು ಮಾಯಾ.

ತಡೆದುಕೊಳ್ಳುವ ಗಿರಾಕಿಯೇ ಅವನು? ಅತ್ತ ಅಕ್ಕ, "ನಿಂತಳೇನೋ?" ಎಂದು ದಿನಾ ಕೆಣಕುತ್ತಿದ್ದಳು. ಕೊನೆಗೆ ಮಗಳನ್ನು ಅಡುಗೆಮನೆಯ ಸ್ಟೂಲಿನ ಮೇಲೆ ನಿಲ್ಲಿಸಿ, ತಲೆಯ ಮೇಲಿನ ಸಜ್ಜಾದ ತಳಕ್ಕೆ ಎರಡೂ ಅಂಗೈ ಒತ್ತಿಸಿ ಫೋಟೊ ಹೊಡೆದ. ಫೋಟೊದೊಳಗಿನ ಸ್ಟೂಲು ಕತ್ತರಿಸಿ ತೆಗೆದು, ಫೋಟೊ ತಲೆಕೆಳಗು ಮಾಡಿ ಗುಂಪಿಗೆ ಹಾಕಿದ. ಎರಡೂ ಜಡೆ ಪಾದದ ಕಡೆ ಮುಖ ಮಾಡಿ ನೆಟ್ಟಗೆ ನಿಂತಿದ್ದವು! ಯಾರಿಗಾದರೂ ಕಂಡಿತೇ? ಶಹಭಾಷ್‌ಗಿರಿ ಸುರಿಯಿತು.

ಮುಂದೊಂದು ಸಂಜೆ ಕ್ಲಾಸಿನಲ್ಲಿ ಸಾನಿಕಾ ಖರೇನೇ ನಿಂತಳು. ಗೋಡೆಯಿಲ್ಲ, ಹಿಡಿದವರಿಲ್ಲ. ಮುಖ ಕೆಂಪು, ಮೊಣಕಾಲು ಡೊಂಕು, ಜಡೆಗಳು ನೆಲದ ಮೇಲೆ.

"ಪಪ್ಪಾ, ಫೋಟೊ ಹೊಡಿ!"

ಭಾಲಚಂದ್ರನ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ. ಹೊಡೆದು ಅಲ್ಲೇ ಗುಂಪಿಗೆ ಹಾಕಿದ. ಆಕೆ ಹೊರಳಿ ಎದ್ದು ಬರುವಷ್ಟರಲ್ಲಿ ಗುಂಪಿಗೆ ಬಂದ ಕಾವೇರಿಬಾಯಿಯ ವಾಯ್ಸ್ ಮೆಸೇಜು ಫೋನಿನಲ್ಲಿ ಮೊಳಗಿತು.

"ಭಾಲ್ಯಾ, ಇದು ಖೋಟಾ ಫೋಟೊ ಅದ. ಜಡಿ ನೆಲ ಗುಡಸ್ಲತ್ತಾವ, ಕಾಲ ಡೊಂಕ. ಮೊದಲಿಂದ್ರಾಗ ಎಷ್ಟ ಚಂದ ನಿಂತಿದ್ಳು! ಯಾರಿಗಿ ಮರುಳ ಮಾಡ್ತಿ?"

ಸಾನಿಕಾ ಅಪ್ಪನ ಅಂಗಿ ಜಗ್ಗಿದಳು. "ಪಪ್ಪಾ, ಇದ ಖರೇ, ಅದ ಸುಳ್ಳು ಅಂತ ಹೇಳು."

ಭಾಲಚಂದ್ರ ಟೈಪ್ ಮಾಡಿದ, ಅಳಿಸಿದ. ಮತ್ತೆ ಮಾಡಿದ, ಮತ್ತೆ ಅಳಿಸಿದ. ಅಕ್ಕನ ಮುಂದೆ ಮರ್ಯಾದೆ ಹೋದರೆ? ಫೋನನ್ನು ಜೇಬಿಗಿಳಿಸಿ, "ದೊಡ್ಡವರ ಕೂಡ ವಾದ ಮಾಡಬಾರದು, ಬೇಟಾ," ಎಂದ. ಆಹಾ, ಏನು ಸಂಸ್ಕಾರ!

ಸಾನಿಕಾ ಈಗ ದಿನಾ ನಿಲ್ಲುತ್ತಾಳೆ, ಕಾಲೂ ನೆಟ್ಟಗಾಗಿದೆ. ಅಪ್ಪ ಬಾಗಿಲಲ್ಲಿ ಕಂಡರೆ ಮಾತ್ರ ಇಳಿದುಬಿಡುತ್ತಾಳೆ.