ವ್ಯಾನಿನೊಳಗಿನ ಅರ್ಧ ಗಂಟೆ

ಕಾಮಾಕ್ಷಿಪಾಳ್ಯದ ಚೌರಪ್ಪ ಸ್ಕೂಲ್ ವ್ಯಾನ್ ಓಡಿಸಲು ಶುರುಮಾಡಿ ಇಪ್ಪತ್ತೆರಡು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಅವನ ವ್ಯಾನಿನಲ್ಲಿ ಒಂದು ಮಗುವಿನ ಮಂಡಿಯೂ ತರಚಿದ್ದಿಲ್ಲ. ಹಿಂದೆ ಅವನ ವ್ಯಾನಿನಲ್ಲೇ ಶಾಲೆಗೆ ಹೋಗುತ್ತಿದ್ದ ಇಬ್ಬರು ಈಗ ತಮ್ಮ ಮಕ್ಕಳನ್ನೇ ಅವನಿಗೆ ಒಪ್ಪಿಸಿದ್ದರು.

ಈ ಸಲ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಚರ್ಚಿನ ಫಾದರ್ ಹೊಸ ಬಗೆಯ ಧ್ಯಾನಕೂಟವೊಂದನ್ನು ಏರ್ಪಡಿಸಿದರು. ಎಲ್ಲಿಗೂ ಹೋಗಿ ತಂಗಬೇಕಿಲ್ಲ, ಕೆಲಸ ಬಿಡಬೇಕಿಲ್ಲ. ದಿನಕ್ಕೆ ಅರ್ಧ ಗಂಟೆ ಒಂದೆಡೆ ಕೂತು, ಬೈಬಲಿನ ಶುಭಸಂದೇಶದ ಒಂದು ಭಾಗ ಓದಿ ಮೌನವಾಗಿರಬೇಕು. ವಾರಕ್ಕೊಮ್ಮೆ ಮಾರ್ಗದರ್ಶಕರನ್ನು ಕಂಡು ಮನಸ್ಸಿನೊಳಗೆ ಏನೇನಾಯಿತೆಂದು ಹೇಳಬೇಕು. ಒಟ್ಟು ಐದು ವಾರ. ಚೌರಪ್ಪನ ಹೆಂಡತಿ ಲೂರ್ದಮ್ಮ ಗಂಡನನ್ನು ಒಂದು ಮಾತೂ ಕೇಳದೆ ಅವನ ಹೆಸರು ಬರೆಸಿ ಬಂದಳು.

“ಸಂಕ್ರಾಂತಿ ಆದ್ಮೇಲಿಂದ ನೀವು ನೆಟ್ಟಗೆ ಮಾತೇ ಆಡ್ತಿಲ್ಲ. ನನ್ ಹತ್ರ ಅಂತೂ ಹೇಳಲ್ಲ, ದೇವ್ರ ಹತ್ರನಾದ್ರೂ ಹೇಳ್ಕೊಳ್ಳಿ,” ಅಂದಳು.

ಬೇಡವೆಂದರೆ ಇನ್ನಷ್ಟು ಕೆದಕುತ್ತಾಳೆಂದು ಚೌರಪ್ಪ ಒಪ್ಪಿಕೊಂಡ.

ಅವನ ಪಾಲಿಗೆ ಬಂದ ಮಾರ್ಗದರ್ಶಕಿ ಎಪ್ಪತ್ತು ದಾಟಿದ ಸಿಸ್ಟರ್ ಸೆಲೀನಾ. ಕಿವಿ ಸ್ವಲ್ಪ ಮಂದ, ಹಾಗಾಗಿ ಎದುರಿಗಿದ್ದವರ ಮುಖವನ್ನೇ ದಿಟ್ಟಿಸಿ ನೋಡುವ ಅಭ್ಯಾಸ. “ಜಪಸರ ಜೇಬಲ್ಲೇ ಇರ್ಲಿ ಚೌರಪ್ಪ. ಆ ಅರ್ಧ ಗಂಟೆ ಏನೂ ಹೇಳಕ್ಕೆ ಹೋಗ್ಬೇಡಿ. ಓದಿದ ಜಾಗದಲ್ಲಿ ನೀವೂ ಇದೀರ ಅಂದ್ಕೊಳ್ಳಿ, ಸುಮ್ನೆ ನೋಡಿ, ಅಷ್ಟೇ,” ಎಂದರು.

ಬೆಳಿಗ್ಗೆ ಹದಿನಾಲ್ಕು ಮಕ್ಕಳನ್ನು ಅನ್ನಪೂರ್ಣೇಶ್ವರಿ ನಗರದ ಶಾಲೆಗೆ ಬಿಟ್ಟ ಮೇಲೆ, ಪಾರ್ಕಿನ ಪಕ್ಕ ಹೊಂಗೆ ಮರದಡಿ ವ್ಯಾನ್ ನಿಲ್ಲಿಸಿ ಕೂರುವುದೆಂದು ಗೊತ್ತುಮಾಡಿಕೊಂಡ. ಮೊದಲ ವಾರ ಹೇಗೋ ಕಳೆಯಿತು. ತರಕಾರಿ ಗಾಡಿಯವನ ಮೈಕು, ನಾಯಿಗಳ ಜಗಳ, ಒಂದಿಷ್ಟು ತೂಕಡಿಕೆ. ಎರಡನೆಯ ವಾರದ ಹೊತ್ತಿಗೆ ಆ ಸದ್ದುಗಳೆಲ್ಲ ದೂರವಾದವು. ಆಗ, ಯಾವುದನ್ನು ನೆನೆಯಬಾರದೆಂದು ಎರಡು ತಿಂಗಳಿಂದ ಒದ್ದಾಡಿದ್ದನೋ ಅದು ತಾನಾಗಿ ಎದ್ದು ಬಂದು ಪಕ್ಕದ ಸೀಟಿನಲ್ಲಿ ಕೂತಿತು.

ಸಂಕ್ರಾಂತಿಯ ಮಾರನೆಯ ವಾರ ನಡೆದದ್ದು. ಮಕ್ಕಳನ್ನು ತುಂಬಿಕೊಂಡು ಮಾಗಡಿ ರಸ್ತೆಯಲ್ಲಿ ಬರುತ್ತಿದ್ದ. ಸುಂಕದಕಟ್ಟೆ ಬಸ್ ಸ್ಟಾಪ್ ಕಂಡದ್ದು ನೆನಪಿತ್ತು. ಆಮೇಲೆ ನೆನಪಿದ್ದದ್ದು ಮುಂದಿನ ಪೆಟ್ರೋಲ್ ಬಂಕ್. ನಡುವೆ ಎರಡು ಹಂಪುಗಳಿದ್ದವು, ಒಂದು ತಿರುವಿತ್ತು. ಅವನ್ನು ದಾಟಿದ್ದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ ಇತ್ತು. ಹಿಂದೆ ಮಕ್ಕಳು ಎಂದಿನಂತೆ ಹರಟುತ್ತಿದ್ದರು. ಆಮೇಲೆ ಇನ್ನೂ ಮೂರು ಸಲ ಹಾಗೇ ಆಯಿತು. ನಿದ್ದೆ ಸಾಲದೇನೋ ಎಂದು ಬೇಗ ಮಲಗಿದ. ಬಿಪಿ ಇರಬೇಕೆಂದು ಉಪ್ಪು ಬಿಟ್ಟ. ಡಾಕ್ಟರ ಬಳಿಗೆ ಮಾತ್ರ ಹೋಗಲಿಲ್ಲ. ಅವರು ಏನು ಹೇಳಬಹುದೆಂದು ಅವನಿಗೆ ಗೊತ್ತಿತ್ತು. ಸ್ಟೀರಿಂಗ್ ಬಿಟ್ಟರೆ ಅವನ ಕೈಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ಮೂರನೆಯ ವಾರಕ್ಕೆ ಸಿಸ್ಟರ್ ಕೊಟ್ಟದ್ದು ಬಿರುಗಾಳಿಗೆ ಸಿಕ್ಕ ದೋಣಿಯ ಭಾಗ. ಯೇಸುಸ್ವಾಮಿ ದೋಣಿಯ ಹಿಂಬದಿಯಲ್ಲಿ ಮಲಗಿದ್ದಾರೆ, ನೀರು ಒಳಗೆ ನುಗ್ಗುತ್ತಿದೆ, ಶಿಷ್ಯರು ಹೆದರಿ ಅವರನ್ನು ಎಬ್ಬಿಸುತ್ತಾರೆ, ಅವರು ಎದ್ದು ಗಾಳಿಯನ್ನು ನಿಲ್ಲಿಸುತ್ತಾರೆ. ಚೌರಪ್ಪ ಕಣ್ಣು ಮುಚ್ಚಿ ತನ್ನ ಜಾಗ ಹುಡುಕಿದ. ಅವನು ಚುಕ್ಕಾಣಿ ಹಿಡಿದಿದ್ದ. ಹಿಂದೆ ತಿರುಗಿದರೆ ಶಿಷ್ಯರಿಲ್ಲ, ಹದಿನಾಲ್ಕು ಮಕ್ಕಳು ಯೂನಿಫಾರ್ಮಿನಲ್ಲಿ ಕೂತಿದ್ದರು. ಮಲಗಿದ್ದ ಸ್ವಾಮಿಯನ್ನು ಯಾರಾದರೂ ಎಬ್ಬಿಸಿಬಿಟ್ಟರೆ ಏನು ಗತಿ ಎಂದು ಅವನಿಗೆ ಭಯವಾಯಿತು. ಎದ್ದರೆ ಅವರು ಗಾಳಿಯ ಕಡೆ ನೋಡುವುದಿಲ್ಲ, ನೇರ ತನ್ನ ಮುಖವನ್ನೇ ನೋಡುತ್ತಾರೆ ಅನ್ನಿಸಿತು. ಕಣ್ಣು ಬಿಟ್ಟು, ವ್ಯಾನಿನ ಬಾಗಿಲು ತೆಗೆದು ಕೆಳಗೆ ಹಾರಿದ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

“ಹೇಗಿತ್ತು?” ಎಂದು ಶನಿವಾರ ಸಿಸ್ಟರ್ ಕೇಳಿದರು.

“ಸಮಾಧಾನ ಆಯ್ತು ಸಿಸ್ಟರ್.”

ಸಿಸ್ಟರ್ ಅವನ ಮುಖ ನೋಡಿದರು. ಚೌರಪ್ಪ ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡಿದ.

“ಹಾಗಾದ್ರೆ ಮುಂದಿನ ವಾರವೂ ಅದೇ ಭಾಗ ಇಟ್ಕೊಳ್ಳಿ,” ಎಂದರು. “ಎಲ್ಲಿಂದ ಎದ್ದು ಬಂದ್ರೋ ಮತ್ತೆ ಅಲ್ಲಿಗೇ ಹೋಗಿ.”

ತಾನು ಎದ್ದು ಬಂದದ್ದು ಇವರಿಗೆ ಹೇಗೆ ತಿಳಿಯಿತೆಂದು ಚೌರಪ್ಪ ಬೆಚ್ಚಿದ. ಆ ವಾರ ಅವನು ಹೊಂಗೆ ಮರದ ಹತ್ತಿರವೇ ಸುಳಿಯಲಿಲ್ಲ. ಮಕ್ಕಳನ್ನು ಬಿಟ್ಟು ನೇರ ಮನೆಗೆ ಬಂದು ಟಿವಿ ಹಾಕಿಕೊಂಡು ಕೂತ. ಪ್ರಾರ್ಥನೆ ಬಿಟ್ಟರೂ ಭಯ ಅವನನ್ನು ಬಿಡಲಿಲ್ಲ. ಉಗುಳು ನುಂಗಿದಾಗಲೆಲ್ಲ ಕಬ್ಬಿಣದ ರುಚಿ ಇದೆಯೇ ಎಂದು ನೋಡಿಕೊಳ್ಳುತ್ತಿದ್ದ.

ಗುರುವಾರ ಮಧ್ಯಾಹ್ನ ಮಕ್ಕಳನ್ನು ಮನೆಗೆ ಬಿಡುವಾಗ ಆ ರುಚಿ ಬಂತು. ಹತ್ತು ಮಕ್ಕಳು ಇಳಿದಿದ್ದರು, ನಾಲ್ವರು ಉಳಿದಿದ್ದರು. ಸುಂಕದಕಟ್ಟೆ ದಾಟಿ ಮುಂದೆ ಒಂದು ನೀರಿನ ಟ್ಯಾಂಕರ್ ಹೋಗುತ್ತಿತ್ತು. ವ್ಯಾನನ್ನು ಪಕ್ಕಕ್ಕೆ ಹಾಕಬೇಕೆಂದು ಅಂದುಕೊಂಡ. ಅಂದುಕೊಂಡದ್ದಷ್ಟೇ ನೆನಪು.

“ಅಂಕಲ್, ಯಾಕೆ ಹಾರ್ನ್ ಹೊಡೀತಾನೇ ಇದೀರ?”

ಎರಡನೇ ಕ್ಲಾಸಿನ ಕೀರ್ತನಾಳ ದನಿ. ಅವನ ಬಲಗೈ ಹಾರ್ನಿನ ಮೇಲೆ ಬಿಗಿದುಕೊಂಡಿತ್ತು. ಇಂಜಿನ್ ಆಫ್ ಆಗಿ ವ್ಯಾನ್ ರಸ್ತೆಗೆ ಅಡ್ಡಡ್ಡ ನಿಂತಿತ್ತು. ಗಾಜಿನಾಚೆ ಒಂದು ಗೇಣಿನ ದೂರದಲ್ಲಿ, ನಿಂತಿದ್ದ ಟ್ಯಾಂಕರಿನ ಹಿಂಬದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಿಂದಿನ ಬಸ್ಸಿನ ಡ್ರೈವರ್ ಬೈಯುತ್ತಿದ್ದ. ಚೌರಪ್ಪ ತಿರುಗಿ ಮಕ್ಕಳನ್ನು ಎಣಿಸಿದ. ನಾಲ್ಕು. ಮತ್ತೊಮ್ಮೆ ಎಣಿಸಿದ.

ವ್ಯಾನನ್ನು ಅಂಗುಲ ಅಂಗುಲವಾಗಿ ಪಕ್ಕಕ್ಕೆ ತಂದು ಬೇಕರಿಯ ಮುಂದೆ ನಿಲ್ಲಿಸಿದ. ಉಳಿದಿದ್ದದ್ದು ಒಂದೂವರೆ ಕಿಲೋಮೀಟರ್. ನಿಧಾನಕ್ಕೆ ಹೋದರೆ ಹತ್ತು ನಿಮಿಷ, ಯಾರಿಗೂ ಏನೂ ತಿಳಿಯುವುದಿಲ್ಲ. ಕೀ ಮೇಲೆ ಕೈಯಿತ್ತು. ದೋಣಿಯಲ್ಲಿ ಮಲಗಿದ್ದವರು ಎದ್ದು ಕೂತಿದ್ದಾರೆಂದು ಅವನಿಗೆ ಆಗ ಅನ್ನಿಸಿತು. ಅವರು ಬೈಯಲಿಲ್ಲ, ಗಾಳಿಯನ್ನೂ ನಿಲ್ಲಿಸಲಿಲ್ಲ. ಇವನನ್ನು ನೋಡುತ್ತಿದ್ದರು. ಚೌರಪ್ಪ ಕೀ ತೆಗೆದು, ಮಕ್ಕಳನ್ನು ಅಂಗಡಿಯ ಜಗಲಿಯಲ್ಲಿ ಕೂರಿಸಿ, ಕೀರ್ತನಾಳ ಅಪ್ಪ ಭೈರೇಶನಿಗೆ ಫೋನ್ ಮಾಡಿದ.

ಭೈರೇಶ್ ಕಾರು ತಂದ. “ಏನಣ್ಣ, ಪಂಚರ್ ಆಯ್ತಾ?”

ಹೂಂ ಎಂದುಬಿಡಬಹುದಿತ್ತು. “ಇಲ್ಲ ಸಾರ್. ನಂಗೆ ಗಾಡಿ ಓಡಿಸ್ತಾ ಇರೋವಾಗ್ಲೇ ಜ್ಞಾನ ತಪ್ಪತ್ತೆ. ಇನ್ಮೇಲೆ ಓಡಿಸಬಾರ್ದು ನಾನು.”

ಭೈರೇಶ್ ಮಗಳನ್ನು ಹತ್ತಿರ ಎಳೆದುಕೊಂಡ. “ಇವತ್ತೇ ಮೊದಲಾ?”

ಎಲ್ಲಕ್ಕಿಂತ ಅವನು ಹೆದರಿದ್ದದ್ದು ಈ ಪ್ರಶ್ನೆಗೇ. “ಅಲ್ಲ. ಜನವರಿಯಿಂದ.”

“ಜನವರಿಯಿಂದ,” ಎಂದ ಭೈರೇಶ್. “ಗೊತ್ತಿದ್ದೂ ನನ್ ಮಗೂನ ದಿನಾ ಕೂರಿಸ್ಕೊಂಡ್ ಹೋದ್ರಿ. ನಿಮ್ಮನ್ನ ಅಣ್ಣ ಅಂತ ಕರೀತಿದ್ನಲ್ಲ ನಾನು.”

ನಾಲ್ಕೂ ಮಕ್ಕಳನ್ನು ಕಾರಿಗೆ ಹತ್ತಿಸಿಕೊಂಡು ಹೊರಟುಹೋದ. ಚೌರಪ್ಪ ಬೇಕರಿಯ ಜಗಲಿಯಲ್ಲಿ ಕೂತು ಹೆಂಡತಿಗೆ ಫೋನ್ ಮಾಡಿದ. ಅವಳು ಆಟೊ ಹಿಡಿದು ಬಂದಳು.

ಎಲ್ಲ ಕೇಳಿಸಿಕೊಂಡು ಲೂರ್ದಮ್ಮ ಅವನ ಪಕ್ಕ ಕೂತಳು. “ನನಗ್ಯಾಕೆ ಹೇಳ್ಲಿಲ್ಲ ರೀ?” ಅಂದಳು.

“ಹೇಳಿದ್ರೆ ನಿಜ ಆಗ್ಬಿಡತ್ತೆ ಅನ್ನಿಸ್ತು.”

ಮರುದಿನವೇ ಅವಳು ಅವನನ್ನು ನರರೋಗ ತಜ್ಞೆ ಡಾಕ್ಟರ್ ಸಂಘಮಿತ್ರಾ ಅವರ ಬಳಿ ಕರೆದೊಯ್ದಳು. ಸ್ಕ್ಯಾನಿಂಗ್, ತಲೆಗೆ ವೈರುಗಳನ್ನು ಅಂಟಿಸಿ ಮಾಡುವ ಪರೀಕ್ಷೆ, ಎಲ್ಲ ಮುಗಿದ ಮೇಲೆ ಡಾಕ್ಟರ್ ಇದು ಮೂರ್ಛೆರೋಗದ ಒಂದು ಬಗೆ ಎಂದರು. ಕೆಳಗೆ ಬಿದ್ದು ಒದ್ದಾಡಲೇಬೇಕೆಂದಿಲ್ಲ, ಕೆಲವು ಗಳಿಗೆ ಮನುಷ್ಯ ತನ್ನಲ್ಲಿ ತಾನಿರುವುದಿಲ್ಲ, ಅಷ್ಟೇ. ಮಾತ್ರೆಯಿಂದ ಹತೋಟಿಗೆ ಬರಬಹುದು. ಆದರೆ ಮಕ್ಕಳ ವ್ಯಾನ್ ಇನ್ನು ಮುಂದೆ ಕೂಡದು.

ಲೂರ್ದಮ್ಮ ಹಠ ಹಿಡಿದು, ಹದಿನಾಲ್ಕು ಮನೆಗೂ ಅವನ ಜೊತೆ ಬಂದಳು. ಒಬ್ಬೊಬ್ಬರ ಬಾಗಿಲಲ್ಲೂ ನಿಂತು ಚೌರಪ್ಪ ಅದೇ ಮಾತು ಹೇಳಿದ. ಹೇಳಿ ಹೇಳಿ ಅದು ಹಗುರವಾಗಲಿಲ್ಲ. ಒಬ್ಬರು ನೀರು ಕೊಟ್ಟರು. ಇನ್ನೊಬ್ಬರು ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆಂದರು. ಅವನ ವ್ಯಾನಿನಲ್ಲೇ ಶಾಲೆಗೆ ಹೋಗಿ ಬೆಳೆದ ಸ್ಪಂದನ ಬಾಗಿಲು ಹಿಡಿದುಕೊಂಡೇ ಅತ್ತಳು. ಭೈರೇಶ್ ಬಾಗಿಲು ತೆಗೆಯಲಿಲ್ಲ. ಪರಿಚಯದ ವೆಂಕಟೇಶ್ ಎಂಬ ಡ್ರೈವರ್ ವ್ಯಾನ್ ವಹಿಸಿಕೊಂಡ. ಎಂಟು ಮಕ್ಕಳು ಉಳಿದರು.

ಕೊನೆಯ ಶನಿವಾರ ಚೌರಪ್ಪ ಸಿಸ್ಟರ್ ಸೆಲೀನಾ ಎದುರು ಕೂತು ಎಲ್ಲವನ್ನೂ ಹೇಳಿದ. ಸುಳ್ಳು ಹೇಳಿದ್ದನ್ನೂ ಹೇಳಿದ.

“ಈಗ ಹೇಗಿದೀರ?”

“ಭಯ ಹೋಗಿಲ್ಲ ಸಿಸ್ಟರ್. ರಸ್ತೆ ದಾಟಕ್ಕೂ ಹೆದ್ರಿಕೆ. ಬೆಳಿಗ್ಗೆ ಏಳೂವರೆ ಆದ್ರೆ ಕೈ ತಾನೇ ಕೀ ಹುಡುಕತ್ತೆ. ಆ ಟ್ಯಾಂಕರ್ ಕಣ್ಮುಂದೆ ಬರತ್ತೆ. ಆದ್ರೆ ಈಗ ಅದು ಬಂದಾಗ ಎದ್ದು ಓಡಲ್ಲ. ಕೂತಿರ್ತೀನಿ.”

“ಒಬ್ಬರೇನಾ?”

“ಒಬ್ಬನೇ ಅನ್ನಿಸಲ್ಲ,” ಎಂದ ಚೌರಪ್ಪ ಮೆಲ್ಲಗೆ. ಸಿಸ್ಟರಿಗೆ ಕೇಳಿಸಿತೋ ಇಲ್ಲವೋ, ಅವರು ತಲೆಯಾಡಿಸಿದರು.

ಹೊರಗೆ ಬಿಸಿಲು ಸುಡುತ್ತಿತ್ತು. ಲೂರ್ದಮ್ಮ ಗೇಟಿನ ಬಳಿ ಛತ್ರಿ ಹಿಡಿದು ಕಾಯುತ್ತಿದ್ದಳು. ಮಾತ್ರೆ ತಗೊಂಡ್ರಾ ಎಂದು ಕೇಳಿದಳು. ಹೂಂ ಎಂದು, ಜ್ಞಾನ ತಪ್ಪಿದರೆ ರಸ್ತೆಗೆ ಬೀಳಬಾರದೆಂದು ಗಾಡಿಗಳು ಓಡುವ ಬದಿಯನ್ನು ಅವಳಿಗೆ ಬಿಟ್ಟು, ಅವನು ಗೋಡೆಯ ಬದಿಗೆ ನಡೆದ.